ಒಂದೇ ಹೊತ್ತಿಗೆ ಇಬ್ಬರು ಕೇಳಿದಾಗ

ನಲವತ್ತೆರಡು ವರ್ಷದ ಹೆಂಗಸೊಬ್ಬಳು ದೌಂಡದಿಂದ ಪುಣೆಗೆ ಹೋಗುವ ಪ್ಯಾಸೆಂಜರ್ ಗಾಡಿಯ ಕಿಟಕಿ ಪಕ್ಕ ಕೂತು, ತೊಡೆಯ ಮೇಲೆ ಝೆರಾಕ್ಸ್ ಹಾಳೆಗಳ ಕಟ್ಟು ಇಟ್ಟುಕೊಂಡು, ಹದಿನೈದು ದಿನದಿಂದ ಒಂದೇ ಪುಟ ಓದುತ್ತಿದ್ದಳು. ಅವಳು ನಾನು. ಪುಟದ ನಡುವೆ ಬರುವಷ್ಟರಲ್ಲಿ ಕೇಡಗಾವ ಬರುತ್ತಿತ್ತು. ಆಲೆಮನೆಗಳ ಬೆಲ್ಲದ ವಾಸನೆ ಗಾಡಿಯ ಡಬ್ಬಿಯೊಳಗೆ ತುಂಬಿಕೊಳ್ಳುತ್ತಿತ್ತು. ಕಬ್ಬಿನ ಮೇಲಿನ ಮಂಜು ಇನ್ನೂ ಕರಗಿರುತ್ತಿರಲಿಲ್ಲ, ನನ್ನ ಕಣ್ಣು ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಉರುಳಿಯ ಹತ್ತಿರ ಎಚ್ಚರವಾದಾಗ ಓದಿದ್ದು ಯಾವುದು, ಕನಸಿನಲ್ಲಿ ಕಂಡದ್ದು ಯಾವುದು ಎಂದು ಬಿಡಿಸಿ ಹೇಳಲು ಬರುತ್ತಿರಲಿಲ್ಲ.

ನನ್ನ ಹೆಸರು ಮಂದಾಕಿನಿ. ಹುಟ್ಟಿದ್ದು ಸೋಲಾಪುರದಲ್ಲಿ, ಮದುವೆಯಾಗಿ ಬಂದದ್ದು ದೌಂಡದ ರೈಲ್ವೆ ಕ್ವಾರ್ಟರ್ಸಿಗೆ. ಗಂಡ ಶಿವಾನಂದ ಗೂಡ್ಸ್ ಗಾಡಿಯ ಗಾರ್ಡ್. ನಾನು ಮೂವತ್ತು ವರ್ಷ ಪುಣೆಯ ಖಡಕಿ ಬಜಾರಿನಲ್ಲಿ, ಕುಂದಾಪುರದ ಶೆಟ್ಟರೊಬ್ಬರ ಹೋಟೆಲಿನ ಮೇಲಿದ್ದ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡಿದೆ. ನಿವೃತ್ತಳಾಗಿ ಕೆಲವು ವರ್ಷಗಳಾದವು. ಬಡ್ತಿಯ ಮಾತು ಇಲ್ಲಿ ಬೇಡ, ಬಂದದ್ದೂ ಎರಡೇ. ನಾನು ಬಿಟ್ಟು ಬಂದ ಕುರ್ಚಿಯಲ್ಲಿ ಈಗ ಪೂರ್ಣಿಮಾ ಕೂರುತ್ತಾಳೆ. ಹೋದ ತಿಂಗಳು ಫೋನ್ ಮಾಡಿದ್ದಳು. "ಮೇಡಂ, ಹೊಸಬ್ರು ಬಂದಿದಾರೆ. ಫ್ರೇಮ್‌ವರ್ಕ್ ಎಲ್ಲ ಚೆನ್ನಾಗಿ ಬರುತ್ತೆ ಅವ್ರಿಗೆ. ಅದರ ಕೆಳಗೆ ಏನು ನಡೀತಿದೆ ಅಂತ ಮಾತ್ರ ಗೊತ್ತಿಲ್ಲ. ಆ ಬ್ಲಡ್ ಬ್ಯಾಂಕ್ ವಿಷಯ ಬರ್ದುಕೊಡಿ, ಪ್ಲೀಸ್." ಅದಕ್ಕೇ ಇದು.

ನಮ್ಮ ಮೇಲಧಿಕಾರಿ ಇಂಡಿ ಸರ್ ಕೂಡ ಸೋಲಾಪುರದವರು. ಯಾವಾಗಲೂ ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಒಂದು ದಿನ ನನ್ನ ಮೇಜಿನ ಮುಂದೆ ನಿಂತು, "ಮಂದಾಬಾಯಾರ, ಇನ್ನ ಮ್ಯಾಲ ಎಲ್ಲಾ ವೆಬ್ ಮ್ಯಾಲ. ಜಾವಾ ಕಲೀರಿ. ಇಲ್ಲಾಂದ್ರ ಡಾಕ್ಯುಮೆಂಟ್ ಬರಿಯೂ ಟೇಬಲ್ಲಿಗೆ ಹೋಗ್ರಿ. ಅಲ್ಲಿ ಫ್ಯಾನ್ ಛಲೋ ಅದ," ಅಂದರು.

ಅಲ್ಲಿಯವರೆಗೆ ನಾನು ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಕಾರ್ಖಾನೆಗಳ ಉಗ್ರಾಣದ ಪ್ರೋಗ್ರಾಮ್ ಬರೆಯುತ್ತಿದ್ದವಳು. ಆ ಪ್ರೋಗ್ರಾಮು ನಾನು ಶುರು ಮಾಡಿದರೆ ಶುರುವಾಗುತ್ತಿತ್ತು, ಮೇಲಿನಿಂದ ಕೆಳಗೆ ಓಡುತ್ತಿತ್ತು, ಮುಗಿಯುತ್ತಿತ್ತು. ಎದುರಿಗೆ ಒಬ್ಬ ಮನುಷ್ಯ, ಒಂದು ಕೆಲಸ. ಹೊಸದು ಹಾಗಿರಲಿಲ್ಲ. ಸರ್ವರಿನಲ್ಲಿ ಕೂತ ಪ್ರೋಗ್ರಾಮು ತಾನಾಗಿ ಏನೂ ಮಾಡುವುದಿಲ್ಲ. ಯಾರೋ, ಎಲ್ಲಿಂದಲೋ, ಏನನ್ನೋ ಕೇಳುವವರೆಗೆ ಕಾಯುತ್ತದೆ. ಉತ್ತರ ಕೊಟ್ಟ ಮರುಕ್ಷಣ ಕೇಳಿದವರನ್ನು ಮರೆತುಬಿಡುತ್ತದೆ. ಮರೆವೇ ಅದರ ಸ್ವಭಾವ ಎಂದು ಝೆರಾಕ್ಸ್ ಹಾಳೆ ಹೇಳುತ್ತಿತ್ತು. ಅಂಥದ್ದರ ಜೊತೆ ಹೇಗೆ ಬಾಳುವುದೋ ನನಗೆ ತಿಳಿಯಲಿಲ್ಲ.

ಕಲಿಸಿದವಳು ಪೂರ್ಣಿಮಾ. ತುಮಕೂರಿನ ಹುಡುಗಿ, ಆಗ ಅವಳಿಗೆ ಇಪ್ಪತ್ನಾಲ್ಕು. ನಾನು ಪ್ರಶ್ನೆ ಕೇಳಲು ನಾಚುತ್ತೇನೆಂದು ಗೊತ್ತಾಗಿ ಮಧ್ಯಾಹ್ನ ಕೆಳಗಿನ ಹೋಟೆಲಿಗೆ ಕರೆದುಕೊಂಡು ಹೋದಳು.

"ಅಲ್ನೋಡಿ ಮೇಡಂ. ಸಪ್ಲೈಯರ್ ಎಷ್ಟು ಜನ?"

"ಒಬ್ಬನ."

"ಟೇಬಲ್?"

"ಒಂಬತ್ತು."

"ನಮ್ ಸರ್ವ್ಲೆಟ್ಟೂ, ಅದೇ ಸರ್ವರಲ್ಲಿ ಕಾಯ್ತಾ ಕೂತಿರೋ ಪ್ರೋಗ್ರಾಮು, ಹಂಗೇ. ಸರ್ವರ್ ಅದನ್ನ ಒಂದೇ ಸಲ ಹುಟ್ಸತ್ತೆ. ಯಾರೇ ಬಂದು ಏನೇ ಕೇಳ್ಲಿ, ಅದೇ ಒಬ್ಬ ಹೋಗಿ ಕೊಡ್ತಾನೆ. ಪ್ರತಿ ಸಲ ಹೊಸಬ ಹುಟ್ಟಲ್ಲ. ಅಷ್ಟೇ, ತುಂಬ ಸಿಂಪಲ್."

ಚಟ್ನಿಯ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ನಾನು ಆ ಸಪ್ಲೈಯರನನ್ನು ಬಹಳ ಹೊತ್ತು ನೋಡಿದೆ. ಹದಿನೈದು ದಿನದಲ್ಲಿ ಮೊದಲ ಸಲ ಏನೋ ಅರ್ಥವಾಗಿತ್ತು. ಅದೇ ವಾರ, ಆರ್ಡ್‌ನನ್ಸ್ ಫ್ಯಾಕ್ಟರಿಯ ಸೈರನ್ನು, ಅಲ್ಲಿಯವರ ಬಾಯಲ್ಲಿ ಭೋಂಗಾ, ಕೂಗುವ ಹೊತ್ತಿಗೆ, ನನ್ನ ಮೊದಲ ಪುಟ ಬ್ರೌಸರಿನಲ್ಲಿ ತೆರೆಯಿತು. ನನ್ನ ಹೆಸರು, ಅದರ ಕೆಳಗೆ ಆಗಿನ ಸಮಯ. ಮತ್ತೆ ಕೇಳಿದೆ, ಸಮಯ ಬದಲಾಗಿತ್ತು. ಮತ್ತೆ ಕೇಳಿದೆ. ಪಕ್ಕದ ಕೋಣೆಯಲ್ಲಿದ್ದ ಒಂದು ಪೆಟ್ಟಿಗೆ ನನ್ನ ಮಾತು ಕೇಳಿಸಿಕೊಂಡು ಪ್ರತಿ ಸಲವೂ ಹೊಸದಾಗಿ ಉತ್ತರ ಕೊಡುತ್ತಿತ್ತು. ಭೋಂಗಾ ನಿಂತದ್ದೂ ಗೊತ್ತಾಗಲಿಲ್ಲ. ಆವತ್ತಿನ ಗಾಡಿಯಲ್ಲಿ ದೌಂಡ ಬಂದದ್ದೂ ಗೊತ್ತಾಗಲಿಲ್ಲ. ಪಕ್ಕದ ಹೆಂಗಸು ಭುಜ ಮುಟ್ಟಿ ಎಬ್ಬಿಸಿದಳು, ನಾನು ನಿದ್ದೆ ಮಾಡಿರಲಿಲ್ಲ.

ವರ್ಷದೊಳಗೆ ನಮಗೆ ಒಂದು ಆಸ್ಪತ್ರೆಯ ಕೆಲಸ ಸಿಕ್ಕಿತು. ಅದರ ಹೆಸರು ಬೇಡ. ವಾರ್ಡಿನಲ್ಲಿ ಕೂತ ಸಿಸ್ಟರ್ ರೋಗಿಯ ನಂಬರ್ ಹೊಡೆದರೆ ಅವರ ಹೆಸರು, ರಕ್ತದ ಗುಂಪು, ಕೆಳಗಿನ ರಕ್ತನಿಧಿಯಲ್ಲಿ ಆ ಗುಂಪಿನ ಎಷ್ಟು ಬಾಟಲಿ ಇವೆ ಎಂಬುದು ಪರದೆಯ ಮೇಲೆ ಬರಬೇಕು. ಅಲ್ಲಿಂದಲೇ ಬೇಡಿಕೆ ಕಳಿಸಬೇಕು. ರೋಗಿಯನ್ನು ಹುಡುಕಿ ತೋರಿಸುವ ಭಾಗ ನಾನು ಬರೆದೆ. ನನ್ನ ಯಂತ್ರದಲ್ಲಿ ನೂರು ಸಲ ನೋಡಿದೆ, ನೂರು ಸಲವೂ ಸರಿ ಬಂತು. ಪ್ರೋಗ್ರಾಮನ್ನು ಸಿಡಿಯಲ್ಲಿ ಹಾಕಿ, ರಿಕ್ಷಾದಲ್ಲಿ ಮಡಿಲಲ್ಲಿ ಇಟ್ಟುಕೊಂಡು ಹೋಗಿ, ಆಸ್ಪತ್ರೆಯ ಸರ್ವರಿಗೆ ಕೈಯಾರೆ ಹಾಕಿ ಬಂದೆ.

ಮೂರನೆಯ ದಿನ ಬೆಳಿಗ್ಗೆ ಫೋನ್ ಬಂತು. ಗಂಡಸರ ವಾರ್ಡಿನ ಸಿಸ್ಟರ್ ಎಸ್ತರ್. ಬೀದರಿನವರು, ಇಪ್ಪತ್ತು ವರ್ಷದಿಂದ ಅದೇ ಆಸ್ಪತ್ರೆಯಲ್ಲಿದ್ದರು. ತರಬೇತಿಯ ದಿನ ನನ್ನ ಮಾತಿನಿಂದಲೇ ನಾನು ಕನ್ನಡದವಳೆಂದು ಗುರುತು ಹಿಡಿದಿದ್ದರು.

"ಬಾಯಿಯವರ, ಹೆಸರು ನಮ್ಮ ಪೇಶಂಟಂದೇ ಅದ, ರಕ್ತದ ಗುಂಪು ಮಾತ್ರ ಅವಂದಲ್ಲರಿ. ಕೇಸ್ ಪೇಪರದಾಗ ಓ ಅದ, ಇಲ್ಲಿ ಬಿ ತೋರಸ್ತದ."

"ನಂಬರ್ ತಪ್ಪು ಹೊಡದಿರಬೇಕು ಸಿಸ್ಟರ್. ಮತ್ತೊಮ್ಮೆ ನೋಡ್ರಿ."

"ಮತ್ತೊಮ್ಮೆ ನೋಡಿದ್ರ ಸರಿ ಬರ್ತದರಿ. ಅದೇ ನನಗ ಅಂಜಿಕಿ."

ಈ ಮಾತನ್ನು ನಾನು ಆವತ್ತೇ ಕೇಳಿಸಿಕೊಳ್ಳಬೇಕಾಗಿತ್ತು. ಕೇಳಿಸಿಕೊಳ್ಳಲಿಲ್ಲ. ಆ ರೋಗಿಯ ನಂಬರನ್ನು ನನ್ನ ಯಂತ್ರದಲ್ಲಿ ಹೊಡೆದು ನೋಡಿದೆ, ಓ ಅಂತಲೇ ಬಂತು. ಸಿಸ್ಟರ್ ಮತ್ತೆ ಎರಡು ಸಲ ಫೋನ್ ಮಾಡಿದರು. ನನಗೆ ಸ್ವಲ್ಪ ಸಿಟ್ಟೂ ಬಂತು. ನಲವತ್ತು ದಾಟಿದ ಮೇಲೆ ಕಷ್ಟಪಟ್ಟು ಕಲಿತದ್ದನ್ನು ಯಾರೋ ತಪ್ಪು ಅನ್ನುವುದನ್ನು ಕೇಳುವ ತಾಳ್ಮೆ ನನ್ನಲ್ಲಿರಲಿಲ್ಲ. ಆಸ್ಪತ್ರೆಯ ಕಚೇರಿಯವರು ವಿವರಣೆ ಕೇಳಿದಾಗ ಪತ್ರ ಬರೆದೆ: ಪ್ರೋಗ್ರಾಮಿನಲ್ಲಿ ದೋಷ ಕಂಡುಬಂದಿಲ್ಲ, ಬಳಸುವವರು ನಂಬರನ್ನು ಎಚ್ಚರಿಕೆಯಿಂದ ತುಂಬಬೇಕು. ಕೆಳಗೆ ನನ್ನ ಸಹಿ.

ಮುಂದಿನ ವಾರ ಪೂರ್ಣಿಮಾ ಪ್ರಿಂಟರ್ ನೋಡಲೆಂದು ಆಸ್ಪತ್ರೆಗೆ ಹೋಗಿ ಬಂದವಳು ನೇರವಾಗಿ ನನ್ನ ಮೇಜಿಗೆ ಬಂದಳು.

"ಮೇಡಂ, ಎಸ್ತರ್ ಸಿಸ್ಟರ್‌ಗೆ ಮೆಮೋ ಕೊಟ್ಟಿದಾರೆ. ಅಜಾಗರೂಕತೆ ಅಂತ. ನಿಮ್ ಲೆಟರ್ ಕಾಪಿನೇ ಅದಕ್ಕೆ ಪಿನ್ ಮಾಡಿದಾರೆ."

ಮರುದಿನ ನಾನು ಕಚೇರಿಗೆ ಹೋಗದೆ ನೇರ ಆಸ್ಪತ್ರೆಗೆ ಹೋದೆ. ಸಿಸ್ಟರ್ ಎಸ್ತರ್ ನನ್ನನ್ನು ಬೈಯಲಿಲ್ಲ. ಸ್ಟೂಲು ಎಳೆದು ಕೊಟ್ಟು, "ಕೂಡ್ರಿ, ನೋಡ್ರಿ," ಅಂದರು. ಗಂಡಸರ ವಾರ್ಡಿನ ಉದ್ದನೆಯ ಕಿಟಕಿಗಳಿಂದ ಬಿಸಿಲು ಹಾಸಿಗೆಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಒಂಬತ್ತಾಯಿತು, ಹತ್ತಾಯಿತು. ಅವರು ಎಷ್ಟು ನಂಬರ್ ಹೊಡೆದರೂ ಎಲ್ಲ ಸರಿ. ನನಗೆ ಒಳಗೊಳಗೇ ಸಮಾಧಾನ ಹುಟ್ಟುತ್ತಿತ್ತು, ಆ ಸಮಾಧಾನದ ಬಗ್ಗೆ ನಾಚಿಕೆಯೂ ಹುಟ್ಟುತ್ತಿತ್ತು.

ಹತ್ತೂವರೆಯ ಹೊತ್ತಿಗೆ ಸಿಸ್ಟರ್ ತಾವೇ ಹೇಳಿದರು. "ಒಬ್ಬಾಕೀನ ಇದ್ದಾಗ ಎಂದೂ ತಪ್ಪಂಗಿಲ್ಲ ನೋಡ್ರಿ. ಹನ್ನೊಂದಕ್ಕ ಡಾಕ್ಟರ್ ರೌಂಡ್ ಮುಗೀತದ. ಆವಾಗ ಮ್ಯಾಲ ಹೆಣ್ಮಕ್ಕಳ ವಾರ್ಡದಾಗೂ ಇದನ್ನ ತಗೀತಾರ. ಇಬ್ಬರೂ ಒಮ್ಮೆಲೆ ಕುಂತಾಗ ಹಿಂಗ ಆಗ್ತದೇನೋ ಅಂತ ನನಗ ಅನಸ್ತದ. ನನಗ ಕಂಪ್ಯೂಟರ್ ತಿಳೀದಿಲ್ಲ. ಹೇಳಿದ್ರ ನಗ್ತೀರಿ ಅಂತ ಹೇಳಿಲ್ಲ."

ನಗು ಬರಲಿಲ್ಲ. ನಾನು ಮಹಡಿ ಹತ್ತಿ ಹೆಂಗಸರ ವಾರ್ಡಿನ ಕಂಪ್ಯೂಟರ್ ಮುಂದೆ ಕೂತೆ. ವಾರ್ಡಿನ ಫೋನಿನಿಂದ ಕೆಳಗೆ ಫೋನ್ ಹಚ್ಚಿದೆ. ನನ್ನ ಮುಂದೆ ಒಬ್ಬ ಮುದುಕಿಯ ನಂಬರ್, ಸಿಸ್ಟರ್ ಮುಂದೆ ಒಬ್ಬ ಡ್ರೈವರನ ನಂಬರ್. ಮುದುಕಿಯದು ಬಿ, ಡ್ರೈವರನದು ಓ.

"ಮೂರು ಅಂದಕೂಡ್ಲೆ ಒತ್ತರಿ ಸಿಸ್ಟರ್. ಒಂದು. ಎರಡು. ಮೂರು."

ಹಳೆಯ ಸರ್ವರ್, ಪುಟ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂತು. ಮುದುಕಿಯ ಹೆಸರು. ಅದರ ಕೆಳಗೆ, ರಕ್ತದ ಗುಂಪು ಓ.

ಅದನ್ನೇ ಫೋನಿನಲ್ಲಿ ಸಿಸ್ಟರಿಗೆ ಓದಿ ಹೇಳಿದೆ. ಹಿಂದೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದರು. ನಾನು ಆ ಪರದೆಯನ್ನು ನೋಡುತ್ತಾ ಕೂತೆ. ಆಗ ನನ್ನ ಕಣ್ಣ ಮುಂದೆ ಬಂದದ್ದು ಆ ಸಪ್ಲೈಯರ್. ಅವನು ಒಬ್ಬರಾದ ಮೇಲೆ ಒಬ್ಬರ ಮೇಜಿಗೆ ಹೋಗುತ್ತಾನೆ ಎಂದು ನಾನು ತಿಳಿದಿದ್ದೆ. ಸರ್ವರಿನೊಳಗಿನವನು ಹಾಗಲ್ಲ. ಒಂಬತ್ತು ಮೇಜಿನ ಮುಂದೂ ಒಂದೇ ಕ್ಷಣದಲ್ಲಿ ನಿಂತಿರುತ್ತಾನೆ. ರೋಗಿಯ ನಂಬರನ್ನು ನಾನು ಆಯಾ ಸಿಸ್ಟರ್ ಕಳಿಸಿದ ಕೋರಿಕೆಯ ಒಳಗೆ ಇಡದೆ, ಎಲ್ಲರಿಗೂ ಸೇರಿದ ಅವನ ಜೇಬಿನಲ್ಲಿ ಇಟ್ಟಿದ್ದೆ. ಸಿಸ್ಟರ್ ಎಸ್ತರ್ ಕೇಳಿದ ನಂಬರ್ ಜೇಬಿಗೆ ಬೀಳುತ್ತಿತ್ತು, ಪ್ರೋಗ್ರಾಮು ಹೆಸರು ಹುಡುಕಿ ತರುತ್ತಿತ್ತು. ಗುಂಪು ಹುಡುಕುವಷ್ಟರಲ್ಲಿ ಮೇಲಿನ ವಾರ್ಡಿನ ನಂಬರ್ ಅದೇ ಜೇಬಿಗೆ ಬಿದ್ದು ಮೊದಲಿನದನ್ನು ಅಳಿಸಿರುತ್ತಿತ್ತು. ಈಗ ನನ್ನ ಮುಂದೆ ನಡೆದದ್ದು ಅದರ ತಿರುವುಮುರುವು. ಪೂರ್ಣಿಮಾ ಹೇಳಿದ್ದು ಸುಳ್ಳಲ್ಲ. ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ, ಉಳಿದರ್ಧ ನಾವೇ ನಡೆಯಬೇಕು. ನಾನು ನಡೆದಿರಲಿಲ್ಲ.

ಎಲ್ಲ ವಾರ್ಡುಗಳಿಗೂ ಆವತ್ತು ಪರದೆ ನೋಡಬೇಡಿ, ಕಾಗದದ ಮೇಲೆಯೇ ನಡೆಸಿ ಎಂದು ಹೇಳಿಸಿದೆ. ಕಾರಣ ಕೇಳಿದವರಿಗೆ "ದುರಸ್ತಿ ಅದ" ಅಂದೆ. ದೋಷ ಎಂಬ ಮಾತು ಬಾಯಿಗೆ ಬರಲಿಲ್ಲ. ಸಿಸ್ಟರ್ ಎಸ್ತರ್ ನನ್ನ ಮುಖ ನೋಡಿ, "ಆತರಿ," ಅಂದರು, ಅಷ್ಟೇ.

ಕಚೇರಿಗೆ ಬಂದು ಇಂಡಿ ಸರ್‌ಗೆ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾ ಕೇಳಿದರು.

"ಎಷ್ಟು ಸಾಲು ಬದಲಿ ಮಾಡ್ಬೇಕು?"

"ಏಳು, ಸರ್."

"ಏಳು ಸಾಲು ಒಳಗ ಸರಸ್ರಿ, ಮುಗೀತು. ಹೊಸ ವರ್ಷನ್ ಅಂತ ಹಾಕಿ ಬರ್ರಿ. ಯಾರ ಕೇಳ್ತಾರ?"

"ಮೆಮೋ, ಸರ್?"

"ಮೆಮೋ ನಾವು ಕೊಟ್ಟಿಲ್ಲಲ್ಲ."

"ಪತ್ರ ನಾ ಬರದೀನಿ, ಸರ್."

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. ಕೆಟ್ಟ ಮನುಷ್ಯನಲ್ಲ. ಒಬ್ಬರೂ ಕೆಲಸ ಕಳೆದುಕೊಳ್ಳದಂತೆ ಆ ಕಂಪನಿಯನ್ನು ನಡೆಸಿಕೊಂಡು ಬಂದವರು. "ಹೋಗ್ರಿ ಹಂಗಾದ್ರ," ಅಂದರು ಕೊನೆಗೆ. "ಆಸ್ಪತ್ರಿ ಕೆಲಸ ಕೈ ಬಿಟ್ರ ಹದಿಮೂರು ಮಂದಿ ಮನೀಗೆ ಹೋಗ್ತೀವಿ. ಅದನ್ನೂ ತಲ್ಯಾಗ ಇಟ್ಕೊಂಡು ಹೋಗ್ರಿ."

ಹದಿಮೂರು ಮಂದಿಯ ಮುಖಗಳು ಯವತ ದಾಟುವವರೆಗೂ ಗಾಡಿಯ ಕಿಟಕಿಯಲ್ಲಿ ನನ್ನ ಜೊತೆ ಬಂದವು. ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಗಾಡಿ ನಡು ದಾರ್ಯಾಗ ನಿಂತ್ರ ಗಾರ್ಡ್ ಮೊದಲ ಕೆಳಗಿಳದು ಹಿಂದ ಬರೂ ಗಾಡಿಗೆ ಕೆಂಪು ತೋರಸ್ಬೇಕು. ಯಾರದು ತಪ್ಪು, ಏನಾಗ್ತದ, ಅದೆಲ್ಲಾ ಆಮ್ಯಾಲ," ಅಂದು ಪಲ್ಯ ಹಾಕಿಸಿಕೊಂಡರು.

ಆಸ್ಪತ್ರೆಯ ಮುಖ್ಯಸ್ಥರು ವಯಸ್ಸಾದ ಮರಾಠಿ ಡಾಕ್ಟರು. ಮರುದಿನ ಅವರ ಮುಂದೆ ನಿಂತೇ ಹೇಳಿದೆ, ನನ್ನ ಮರಾಠಿ ಆವತ್ತು ತುಂಡುತುಂಡಾಗಿ ಬಂತು. ದೋಷ ನನ್ನದು, ಸಿಸ್ಟರ್ ಹೇಳಿದ್ದೆಲ್ಲ ನಿಜ, ನನ್ನ ಪತ್ರ ತಪ್ಪು. ಅವರು ಕನ್ನಡಕ ತೆಗೆದು ಒಂದೇ ಪ್ರಶ್ನೆ ಕೇಳಿದರು. "ಯಾರಿಗಾದರೂ ತಪ್ಪು ರಕ್ತ ಹೋಗಿದೆಯೇ?"

ನಾನು ಕೈಯಲ್ಲಿದ್ದ ಹಾಳೆಗಳನ್ನು ಅವರ ಮೇಜಿನ ಮೇಲಿಟ್ಟೆ. ಸರ್ವರಿನಲ್ಲಿ ಪ್ರತಿ ಕೋರಿಕೆಗೂ ಒಂದು ಸಾಲು ದಾಖಲಾಗಿರುತ್ತದೆ. ಅದನ್ನು ಅಚ್ಚು ಹಾಕಿ ತಂದಿದ್ದೆ. ಎರಡು ವಾರ್ಡಿನಿಂದ ಒಂದೇ ಕ್ಷಣಕ್ಕೆ ಕೋರಿಕೆ ಬಂದ ಸಾಲುಗಳು ಎಂಟು. ಅವುಗಳ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದೆ. ರಕ್ತನಿಧಿಯ ರಿಜಿಸ್ಟರ್ ತರಿಸಿದರು. ಸಿಸ್ಟರ್ ಎಸ್ತರ್‌ರನ್ನೂ ಕರೆಸಿದರು. ತಂತ್ರಜ್ಞ ಒಂದೊಂದೇ ಹೆಸರು ಹುಡುಕಿ ಓದುತ್ತಾ ಹೋದ. ಕೊಟ್ಟ ಗುಂಪು, ಕೊಡುವ ಮುಂಚೆ ಬೆರೆಸಿ ನೋಡಿದ ಪರೀಕ್ಷೆ, ರೋಗಿ ಮನೆಗೆ ಹೋದ ದಿನ. ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯಲ್ಲಿ ನಾನು ಗೋಡೆಯ ಮೇಲೆ ಬೇವಿನ ಎಲೆಗಳ ನೆರಳು ಅಲುಗುವುದನ್ನು ನೋಡುತ್ತಿದ್ದೆ. ಆ ನೆರಳನ್ನು ಈಗಲೂ ಬಿಡಿಸಿ ತೋರಿಸಬಲ್ಲೆ.

ಮೂರು ಬೇಡಿಕೆಗಳು ಕೆಳಗಿನ ಪರೀಕ್ಷೆಯಲ್ಲಿ ನಿಂತಿದ್ದವು. ಉಳಿದ ಐದು ತಪ್ಪು ಗುಂಪಿನ ಹೆಸರಲ್ಲಿ ಕೆಳಗೆ ಹೋಗಿಯೇ ಇರಲಿಲ್ಲ. ಐದರ ಮುಂದೂ ವಾರ್ಡಿನ ಪುಸ್ತಕದಲ್ಲಿ ಒಂದೇ ಕೈಬರಹ: ಪರದೆಯ ಮೇಲೆ ಗುಂಪು ಬೇರೆ ಬಂದಿದೆ, ಕೇಸ್ ಪೇಪರ್ ನೋಡಿ ಕಳಿಸಿದ್ದೇನೆ, ಎಸ್ತರ್.

ಡಾಕ್ಟರು ಮೆಮೋದ ಕಡತ ತೆಗೆದು, ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದು ಸಹಿ ಹಾಕಿದರು. ದೋಷ ಪ್ರೋಗ್ರಾಮಿನದು, ಸಿಸ್ಟರ್ ಗಮನಿಸಿದ್ದು ಸರಿ. ಹೊರಗೆ ಬಂದ ಮೇಲೆ ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಸಿಸ್ಟರೇ ಮೊದಲು ಮಾತಾಡಿದರು.

"ಕೆಂಪು ಶಾಯಿಲೆ ಬರದಾರ ನೋಡ್ರಿ. ನಮ್ಮಲ್ಲಿ ಸತ್ತವರ ಹೆಸರಿಗೆ ಬರಿಯೂ ಶಾಯಿ ಅದು." ನಕ್ಕರು. ಆಮೇಲೆ ನಗು ನಿಂತಿತು. "ಬಾಯಿಯವರ, ಹದಿನೈದು ದಿನ ನನಗ ನನ್ನ ಕಣ್ಣ ಮ್ಯಾಲ ಸಂಶೇ ಬಂದಿತ್ತು. ಇಪ್ಪತ್ತು ವರ್ಷದಾಗ ಒಮ್ಮೆನೂ ಬಂದಿದ್ದಿಲ್ಲ."

ಕ್ಷಮೆ ಕೇಳಿದೆ. ಆ ಮಾತಿನ ಮುಂದೆ ನನ್ನ ಕ್ಷಮೆ ಬಹಳ ಸಣ್ಣದಾಗಿತ್ತು.

ಏಳು ಸಾಲು ತಿದ್ದಿ ಹಾಕಿ ಬಂದೆ. ಕೆಲಸ ಕೈ ಬಿಡಲಿಲ್ಲ. ತಪ್ಪನ್ನು ತಾವೇ ಬಂದು ಹೇಳುವವರು ಬೇಕು ಎಂದು ಆ ಡಾಕ್ಟರು ಇಂಡಿ ಸರ್‌ಗೆ ಹೇಳಿದರಂತೆ. ಆದರೂ ಇಂಡಿ ಸರ್ ನನ್ನನ್ನು ಆರು ತಿಂಗಳು ಡಾಕ್ಯುಮೆಂಟ್ ಮೇಜಿಗೆ ಹಾಕಿದರು. ಅಲ್ಲಿ ಫ್ಯಾನ್ ನಿಜಕ್ಕೂ ಚೆನ್ನಾಗಿತ್ತು. ನನಗೆ ಅವಮಾನವಾಯಿತು, ಅತ್ತದ್ದೂ ಉಂಟು. ಆದರೆ ಸರ್ವರಿನ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದು ಆ ಆರು ತಿಂಗಳಲ್ಲೇ. ನಮ್ಮ ಕಚೇರಿಯಲ್ಲಿ ಬೇರೆ ಯಾರೂ ಅದನ್ನು ಓದಿರಲಿಲ್ಲ.

ಮುಂದೆ ಕೆಲಸದ ರೀತಿ ಹಲವು ಸಲ ಮಗ್ಗುಲು ಬದಲಿಸಿತು. ಎಲ್ಲವನ್ನೂ ನಾವೇ ಕೈಯಾರೆ ಬರೆಯುವ ಕಾಲ ಹೋಗಿ, ಅರ್ಧ ಕೆಲಸವನ್ನು ಸಿದ್ಧವಾಗಿಯೇ ಕೊಡುವ ಫ್ರೇಮ್‌ವರ್ಕ್ ಬಂತು. ಯಾವ ಕೋರಿಕೆ ಯಾರ ಬಳಿಗೆ ಹೋಗಬೇಕೆಂದು ಮೈಲುದ್ದದ ಕಡತಗಳಲ್ಲಿ ಬರೆದಿಟ್ಟೆವು, ಒಂದು ಕಂಸ ತಪ್ಪಿದರೆ ಇಡೀ ದಿನ ಹುಡುಕಿದೆವು. ಆಮೇಲೆ ಆ ಕಡತಗಳೂ ಹೋದವು, ಪ್ರೋಗ್ರಾಮಿನ ತಲೆಯ ಮೇಲೆ ಒಂದು ಪದ ಬರೆದರೆ ಸಾಕಾಯಿತು. ಸಿಡಿ, ರಿಕ್ಷಾ ಹೋಗಿ ಒಂದು ಗುಂಡಿ ಒತ್ತಿದರೆ ಪ್ರೋಗ್ರಾಮು ತಾನೇ ಸರ್ವರಿಗೆ ಹೋಗಿ ಕೂರುವಂತಾಯಿತು. ಪ್ರತಿ ಸಲವೂ ಹೊಸ ಹೆಸರು, ಹೊಸ ಝೆರಾಕ್ಸ್ ಕಟ್ಟು, ಗಾಡಿಯಲ್ಲಿ ಹೊಸ ತೂಕಡಿಕೆ. ಆದರೆ ನಿಮ್ಮ ಈಗಿನ ಫ್ರೇಮ್‌ವರ್ಕ್ ಕೂಡ, ನೀವು ಬೇರೆ ಹೇಳದಿದ್ದರೆ, ನೀವು ಬರೆದ ಪ್ರೋಗ್ರಾಮನ್ನು ಒಂದೇ ಸಲ ಹುಟ್ಟಿಸುತ್ತದೆ. ಎಲ್ಲರ ಮುಂದೂ ಅದನ್ನೇ ನಿಲ್ಲಿಸುತ್ತದೆ. ಕೋರಿಕೆಗೆ ಸೇರಿದ್ದನ್ನು ಕೋರಿಕೆಯೊಳಗೇ ಇಡಿ. ಇನ್ನೊಂದು: ಬಳಸುವವರು "ಮತ್ತೊಮ್ಮೆ ನೋಡಿದರೆ ಸರಿ ಬರುತ್ತದೆ" ಅಂದರೆ ಆ ಕ್ಷಣವೇ ಎದ್ದು ಅವರಿದ್ದಲ್ಲಿಗೆ ಹೋಗಿ.

ಆಸ್ಪತ್ರೆಯ ಆ ಪ್ರೋಗ್ರಾಮನ್ನು ನಾನೇ ಎರಡು ಸಲ ಹೊಸದಾಗಿ ಕಟ್ಟಿದೆ. ಒಟ್ಟು ಹದಿನಾಲ್ಕು ವರ್ಷ ಅದು ನಡೆಯಿತು. ನಾನು ನಿವೃತ್ತಳಾಗುವ ವಾರ ಆಸ್ಪತ್ರೆಯವರು ಬೇರೆ ದೊಡ್ಡ ವ್ಯವಸ್ಥೆಗೆ ಹೋದರು. ಹಳೆಯದನ್ನು ನಿಲ್ಲಿಸಬೇಕಿತ್ತು. ನಿಲ್ಲಿಸುವ ಆಜ್ಞೆ ನಾನೇ ಕೊಡಲಿ ಎಂದು ಪೂರ್ಣಿಮಾ ಕುರ್ಚಿ ಬಿಟ್ಟುಕೊಟ್ಟಳು.

ಮಧ್ಯಾಹ್ನದ ಹೊತ್ತು. ಪರದೆಯ ಮೇಲೆ ಕೋರಿಕೆಗಳ ಸಾಲುಗಳು ಮೇಲಕ್ಕೆ ಸರಿಯುತ್ತಿದ್ದವು. ಬೆಳಿಗ್ಗೆ ಅವು ಜಡಿಮಳೆಯಂತೆ ಬರುತ್ತಿದ್ದವು. ವಾರ್ಡುಗಳು ಒಂದೊಂದಾಗಿ ಹೊಸದಕ್ಕೆ ಹೋದಂತೆಲ್ಲ ವಿರಳವಾದವು. ನಿಮಿಷಕ್ಕೆ ಒಂದು. ಐದು ನಿಮಿಷಕ್ಕೆ ಒಂದು. ಆಮೇಲೆ ಏನೂ ಇಲ್ಲ.

"ನಿಲ್ಲಿಸ್ಬಹುದಲ್ವಾ ಮೇಡಂ? ಎಲ್ಲಾ ವಾರ್ಡೂ ಶಿಫ್ಟ್ ಆಗಿದೆ."

"ತಡಿ."

ಆಜ್ಞೆ ಬರೆದಾಗಿತ್ತು, ಒತ್ತುವುದಷ್ಟೇ ಬಾಕಿ. ಬೆರಳನ್ನು ಮೇಲೆಯೇ ಹಿಡಿದು ಕೂತೆ. ಎಷ್ಟು ಹೊತ್ತೋ ತಿಳಿಯದು. ಆಗ ಒಂದು ಸಾಲು ಬಂತು. ಹೆರಿಗೆ ವಾರ್ಡು. ಮೂಲೆಯ ಯಾವುದೋ ಕಂಪ್ಯೂಟರಿನಿಂದ, ಹೊಸದು ಬಂದದ್ದು ಗೊತ್ತಿಲ್ಲದ ಯಾರೋ ಒಬ್ಬರು ಕೇಳುತ್ತಿದ್ದರು: ಈ ತಾಯಿಯ ರಕ್ತ ಯಾವುದು?

ನಾನು ಕೈ ಹಿಂದೆ ತೆಗೆದುಕೊಂಡೆ. ಪ್ರೋಗ್ರಾಮು ಹೆಸರು ಹುಡುಕಿತು, ಗುಂಪು ಹುಡುಕಿತು, ಉತ್ತರ ಕಳಿಸಿತು. ಸರಿಯಾಗಿ ತಲುಪಿದೆ ಎಂಬ ಗುರುತು ಸಾಲಿನ ಕೊನೆಯಲ್ಲಿ ಮೂಡಿತು.

"ಹೆರಿಗಿ ವಾರ್ಡಿಗೆ ಫೋನ್ ಹಚ್ಚು," ಅಂದೆ. "ಹೊಸದನ್ನ ತಗ್ಯೂದು ಹ್ಯಾಂಗಂತ ಹೇಳು."

ಅವಳು ಹೇಳಿ ಮುಗಿಸಿ ಫೋನ್ ಇಟ್ಟ ಮೇಲೆ ನಿಲ್ಲಿಸಿದೆ.